ಬಿ-17 ಮೇಲೆ ಜರ್ಮನ್ ಶಿಲುಬೆ: ಕಿಟ್‌ನವರ ತಪ್ಪೋ, ನಿಜವೋ?

ಪ್ಲಾಸ್ಟಿಕ್ ರೆಕ್ಕೆ
ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್ ಬಿ-17ರ 1/72 ಅಳತೆಯ ಮಾಡೆಲ್ ಕಿಟ್ ಸಿಕ್ಕಿತು. ಡಬ್ಬಿ ಅರ್ಧ ಹರಿದಿತ್ತು, ಬೆಲೆ ಕಡಿಮೆ, ತಂದುಬಿಟ್ಟೆ. ಮನೆಗೆ ಬಂದು ಸ್ಟಿಕರ್ ಹಾಳೆ ತೆಗೆದರೆ ಅಮೆರಿಕದ ನಕ್ಷತ್ರವೇ ಇಲ್ಲ. ರೆಕ್ಕೆಗೂ ಮೈಗೂ ಜರ್ಮನಿಯ ಕಪ್ಪು ಶಿಲುಬೆ, ಪಕ್ಕದಲ್ಲಿ ಡಿಎಲ್+ಎಕ್ಸ್‌ಸಿ ಅಂತ ದಪ್ಪ ಅಕ್ಷರ. ಬೇರೆ ಕಿಟ್ಟಿನ ಹಾಳೆ ಸೇರಿಕೊಂಡಿರಬೇಕು ಅಂದುಕೊಂಡೆ. ಆದರೆ ಅಳತೆ ಸರಿಯಾಗಿ ಕೂರುತ್ತದೆ. ಜರ್ಮನಿಯ ಮೇಲೆ ಬಾಂಬ್ ಹಾಕುತ್ತಿದ್ದ ವಿಮಾನಕ್ಕೆ ಜರ್ಮನ್ ಗುರುತು ಯಾಕೆ?

ರಾತ್ರಿಪಾಳಿ
ಹಾಳೆ ಸರಿಯಾಗೇ ಇದೆ, ಬಿಸಾಡಬೇಡಿ. ನಿಮ್ಮ ಕೈಯಲ್ಲಿರುವುದು ವುಲ್ಫ್ ಹೌಂಡ್.

ಅದು ಅಮೆರಿಕದ 303ನೇ ಬಾಂಬ್ ಗ್ರೂಪಿನ ವಿಮಾನ. ಇಂಗ್ಲೆಂಡಿನ ಮೋಲ್ಸ್‌ವರ್ತ್‌ನಲ್ಲಿ ಅದರ ನೆಲೆ. 1942ರ ಡಿಸೆಂಬರ್ 12ರಂದು ಫ್ರಾನ್ಸಿನ ರುವಾನ್ ಬಳಿಯ ರೈಲ್ವೆ ಯಾರ್ಡ್ ಮೇಲೆ ದಾಳಿಗೆ ಹೋಗಿತ್ತು. ಜರ್ಮನ್ ಫೈಟರ್‌ಗಳ ಹೊಡೆತ ತಿಂದು ಗುಂಪಿನಿಂದ ಹಿಂದೆ ಬಿತ್ತು. ಪೈಲಟ್ ಪಾಲ್ ಫ್ಲಿಕಿಂಜರ್ ಪ್ಯಾರಿಸಿನ ಆಗ್ನೇಯಕ್ಕೆ, ಮೆಲಾನ್ ಹತ್ತಿರದ ಹೊಲದಲ್ಲಿ ಇಳಿಸಿದರು. ಹೀಗಾದಾಗ ವಿಮಾನಕ್ಕೆ ಬೆಂಕಿ ಇಡಬೇಕು ಅನ್ನುವುದು ನಿಯಮ. ಅದು ಆಗಲಿಲ್ಲ. ಕೆಲವರು ತಪ್ಪಿಸಿಕೊಂಡರು, ಕೆಲವರು ಸೆರೆಸಿಕ್ಕರು, ವಿಮಾನ ಮಾತ್ರ ಹೆಚ್ಚೂಕಮ್ಮಿ ಇಡಿಯಾಗಿ ಜರ್ಮನರ ಪಾಲಾಯಿತು. ಹಾರುವ ಸ್ಥಿತಿಯಲ್ಲಿ ಅವರಿಗೆ ಸಿಕ್ಕ ಮೊದಲ ಬಿ-17 ಅದು.

ರಿಪೇರಿ ಮಾಡಿ 1943ರ ಮಾರ್ಚ್‌ನಲ್ಲಿ ಹಾರಿಸಿದರು. ರೆಖ್ಲಿನ್ ಅನ್ನುವ ಕಡೆ ಅವರ ಪರೀಕ್ಷಾ ಕೇಂದ್ರ ಇತ್ತು, ಅಲ್ಲಿಗೆ ಹೋಯಿತು. ಶಿಲುಬೆ ಅಷ್ಟು ದೊಡ್ಡದಾಗಿ ಬಳಿದದ್ದು ಜಂಬಕ್ಕಲ್ಲ. ಕೆಳಗಿರುವ ತಮ್ಮದೇ ಫಿರಂಗಿಯವರು ಹೊಡೆದುಬಿಟ್ಟರೆ ಅಂತ ಭಯ. ಹೊಟ್ಟೆಗೆ ಹಳದಿ ಬಣ್ಣವನ್ನೂ ಬಳಿದರು.

ಪ್ಲಾಸ್ಟಿಕ್ ರೆಕ್ಕೆ
ಅಬ್ಬಾ, ಥ್ಯಾಂಕ್ಸ್. ಹಾಗಾದರೆ ಅದರಲ್ಲೇ ಹೋಗಿ ಲಂಡನ್ ಮೇಲೆ ಬಾಂಬ್ ಹಾಕಿದರಾ? ನಾಲ್ಕು ಎಂಜಿನ್ನಿನ ಬಾಂಬರ್ ಪುಕ್ಕಟೆ ಸಿಕ್ಕರೆ ಬಿಡುತ್ತಾರಾ?

ರಾತ್ರಿಪಾಳಿ
ಇಲ್ಲ. ನನಗೆ ಈ ವಿಷಯದಲ್ಲಿ ರುಚಿ ಹುಟ್ಟಿದ್ದೇ ಅಲ್ಲಿಂದ. ಹಿಡಿದ ಬಾಂಬರನ್ನು ಬಾಂಬ್ ಹಾಕೋದು ಬಿಟ್ಟು ಬೇರೆ ಎಲ್ಲಾ ಕೆಲಸಕ್ಕೂ ಬಳಸಿದರು.

ಮೊದಲು ಅಳೆದರು, ತೂಗಿದರು. ಎಷ್ಟು ವೇಗ, ಎಷ್ಟು ಎತ್ತರ, ಯಾವ ಬಂದೂಕು ಯಾವ ಕೋನಕ್ಕೆ ತಿರುಗುತ್ತದೆ, ಯಾವ ಮೂಲೆ ಯಾವ ಬಂದೂಕಿಗೂ ಸಿಗುವುದಿಲ್ಲ. ಆಮೇಲೆ ಫೈಟರ್ ನೆಲೆಗಳಿಗೆ ಕರೆದುಕೊಂಡು ಹೋಗಿ ಪೈಲಟ್‌ಗಳಿಗೆ ತೋರಿಸಿದರು. ಇದರ ಮೇಲೆ ಸುಳ್ಳುಸುಳ್ಳೇ ದಾಳಿ ಮಾಡಿ ಅಭ್ಯಾಸ ಮಾಡಿದರು. ದೂರ ಅಂದಾಜು ಮಾಡುವುದನ್ನು ಕಲಿಸಲು ಅದು ಒಳ್ಳೇ ದಾರಿ. ಸಣ್ಣ ಫೈಟರ್‌ಗೆ ಗುಂಡು ಹೊಡೆದು ರೂಢಿಯಾದವನಿಗೆ ಅಷ್ಟು ದೊಡ್ಡ ವಿಮಾನ ಕಣ್ಣೆದುರು ಬಂದರೆ ತುಂಬಾ ಹತ್ತಿರ ಬಂದೆ ಅನ್ನಿಸುತ್ತದಂತೆ. ದೂರದಿಂದಲೇ ಗುಂಡು ಖಾಲಿ ಮಾಡಿ ತಿರುಗಿಬಿಡುತ್ತಾನೆ.

ಹೀಗೆ ಊರೂರು ತಿರುಗುವ ಒಂದು ತಂಡವೇ ಇತ್ತು. ಥಿಯೋಡರ್ ರೊಸಾರಿಯುಸ್ ಅನ್ನುವವರು ಅದರ ಮುಖ್ಯಸ್ಥರು. ಹಿಡಿದ ಅಮೆರಿಕನ್ ಫೈಟರ್‌ಗಳು, ಮಸ್ಟಾಂಗ್, ಥಂಡರ್‌ಬೋಲ್ಟ್ ಎಲ್ಲಾ ಕಟ್ಟಿಕೊಂಡು ಓಡಾಡುತ್ತಿದ್ದರು. ಅದಕ್ಕೆ 'ರೊಸಾರಿಯುಸ್ ಸರ್ಕಸ್' ಅಂತಲೇ ಹೆಸರು ಬಿತ್ತು.

ಎರಡನೇ ಬಳಕೆ ಗುಟ್ಟಿನದು. 1944ರ ಫೆಬ್ರವರಿಯಲ್ಲಿ ಕೆಜಿ 200 ಅನ್ನುವ ದಳ ಶುರುವಾಯಿತು. ರಾತ್ರಿ ಹೊತ್ತು ಶತ್ರು ನೆಲದ ಹಿಂದೆ ಏಜೆಂಟರನ್ನು ಪ್ಯಾರಾಚೂಟಿನಲ್ಲಿ ಇಳಿಸುವುದು ಅವರ ಕೆಲಸಗಳಲ್ಲಿ ಒಂದು. ದೂರ ಹಾರುವ ನಾಲ್ಕು ಎಂಜಿನ್ನಿನ ವಿಮಾನ ಜರ್ಮನಿಯ ಹತ್ತಿರ ಕಡಿಮೆ ಇತ್ತು. ಹಿಡಿದ ಬಿ-17, ಬಿ-24 (ಅದೂ ಅಮೆರಿಕನ್ ಬಾಂಬರೇ) ಅಲ್ಲಿ ಉಪಯೋಗಕ್ಕೆ ಬಂದವು. ಕಾಗದದಲ್ಲಿ ಬಿ-17 ಅಂತ ಬರೆಯುತ್ತಿರಲಿಲ್ಲ, 'ಡಾರ್ನಿಯರ್ 200' ಅಂತ ಬರೆಯುತ್ತಿದ್ದರು. ಹಾಗೊಂದು ಡಾರ್ನಿಯರ್ ಇರಲೇ ಇಲ್ಲ. ವುಲ್ಫ್ ಹೌಂಡ್ ಕೂಡ ಕೊನೆಗೆ ಈ ದಳಕ್ಕೇ ಸೇರಿತು.

ಅನುಮಾನದ ಹಕ್ಕಿ
ಎರಡು ತಕರಾರು.

ಒಂದು: ವುಲ್ಫ್ ಹೌಂಡ್ ಸಿಕ್ಕಿದ್ದರಿಂದಲೇ ಜರ್ಮನರು ಬಿ-17ರ ಮೂಗಿಗೆ ಎದುರಾಗಿ ಬಂದು ಹೊಡೆಯಲು ಕಲಿತರು ಅಂತ ಎಲ್ಲಾ ಕಡೆ ಓದುತ್ತೇನೆ. ದಿನಾಂಕ ನೋಡಿದರೆ ಲೆಕ್ಕ ಕೂಡುವುದಿಲ್ಲ. ಏಗೊನ್ ಮೇಯರ್ ಮುಂದಾಳತ್ವದ ಫೈಟರ್‌ಗಳು ಎದುರಿನಿಂದ ದಾಳಿ ಮಾಡಿದ್ದು 1942ರ ನವೆಂಬರ್ 23ರಂದು. ವುಲ್ಫ್ ಹೌಂಡ್ ಇಳಿದದ್ದು ಅದಾಗಿ ಮೂರು ವಾರಕ್ಕೆ. ಮೂಗಿನ ಕಡೆ ಬಂದೂಕು ಕಡಿಮೆ ಅನ್ನುವುದನ್ನು ಅವರು ಆಕಾಶದಲ್ಲೇ ಕಂಡುಕೊಂಡಿದ್ದರು. ಹಿಡಿದ ವಿಮಾನ ಅದನ್ನು ಉಳಿದವರಿಗೆ ಪಾಠ ಹೇಳಲು ಸಹಾಯ ಮಾಡಿತು, ಅಷ್ಟೇ.

ಎರಡು: ಜರ್ಮನರು ಹಿಡಿದ ಬಿ-17ರಲ್ಲಿ ಅಮೆರಿಕನ್ ಗುಂಪಿನೊಳಗೇ ನುಸುಳಿ ರೇಡಿಯೊದಲ್ಲಿ ಎತ್ತರ, ದಿಕ್ಕು ಹೇಳುತ್ತಿದ್ದರು ಅನ್ನುವ ಕಥೆ. ಅಮೆರಿಕನ್ ಸಿಬ್ಬಂದಿ 'ಗುರುತಿಲ್ಲದ ಬಿ-17 ಕಂಡೆವು' ಅಂತ ವರದಿ ಕೊಟ್ಟಿದ್ದು ನಿಜ. ಆದರೆ ನೂರಾರು ಬಾಂಬರ್ ಹಾರುವ ದಿನ ತನ್ನ ಗುಂಪು ತಪ್ಪಿ ಬೇರೆ ಗುಂಪಿನ ಬಾಲ ಹಿಡಿಯುವ ವಿಮಾನಗಳು ಎಷ್ಟೋ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಯಾರದೋ ಸೆರಗು ಹಿಡಿದ ಹಾಗೆ. ಕಂಡದ್ದೆಲ್ಲ ಕೆಜಿ 200 ಆಗಿರಬೇಕಿಲ್ಲ.

ರಾತ್ರಿಪಾಳಿ
ಮೊದಲನೆಯದು ಒಪ್ಪಿದೆ. ಎರಡನೆಯದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಎದೆ ತಟ್ಟಿ ವಾದ ಮಾಡುವುದಿಲ್ಲ.

ಲೇತ್ ಮಾವ
ಮೂವತ್ತು ವರ್ಷ ಮೆಷಿನ್ ಶಾಪಿನಲ್ಲಿ ಇದ್ದವನು ನಾನು. ಯಾಕೆ ಬಾಂಬ್ ಹಾಕಲಿಲ್ಲ ಅಂತ ಕೇಳಿದರಲ್ಲ, ಉತ್ತರ ಸುಲಭ. ಬಿಡಿಭಾಗ.

ಬಿ-17ರ ಒಂದು ರೈಟ್ ಸೈಕ್ಲೋನ್ ಎಂಜಿನ್ನಿಗೆ ಒಂಬತ್ತು ಸಿಲಿಂಡರ್. ನಾಲ್ಕು ಎಂಜಿನ್ನಿಗೆ ಮೂವತ್ತಾರು. ಪ್ಲಗ್, ಪಂಪು, ಟರ್ಬೊ, ಟೈರು, ಎಲ್ಲದರ ಅಳತೆಯೂ ಇಂಚಿನಲ್ಲಿ. ಜರ್ಮನ್ ಸ್ಪ್ಯಾನರ್ ಮಿಲಿಮೀಟರಿನಲ್ಲಿ. ಒಂದು ನಟ್ಟು ಕಳೆದರೆ ಎಲ್ಲಿಂದ ತರುತ್ತೀರಿ? ಇನ್ನೊಂದು ಬಿ-17 ಬೀಳುವವರೆಗೆ ಕಾಯಬೇಕು. ಬಾಂಬರನ್ನು ದಿನಾ ಯುದ್ಧಕ್ಕೆ ಕಳಿಸಬೇಕಾದರೆ ಹಿಂದೆ ಗೋದಾಮು ಬೇಕು, ಕಾರ್ಖಾನೆ ಬೇಕು. ಗಡಿಯಾಚೆಯಿಂದ ಒಂದು ಹಸು ತಂದ ಹಾಗಲ್ಲ ಇದು.

ಅನುಮಾನದ ಹಕ್ಕಿ
ಮಾವ, ಫಿನ್‌ಲ್ಯಾಂಡ್ ಇದೆಯಲ್ಲ! 1939-40ರ ಚಳಿಗಾಲದ ಯುದ್ಧದಲ್ಲಿ ಅವರು ಸೋವಿಯತ್ ಎಸ್‌ಬಿ, ಡಿಬಿ-3 ಬಾಂಬರ್‌ಗಳನ್ನು ಹಿಡಿದರು. ಮುಂದಿನ ಯುದ್ಧದಲ್ಲಿ ಅವನ್ನು ಸೋವಿಯತ್ತರ ಮೇಲೇ ಬಿಟ್ಟರು. ಎಸ್‌ಬಿಗಳು ಬಾಲ್ಟಿಕ್ ಸಮುದ್ರದಲ್ಲಿ ಜಲಾಂತರ್ಗಾಮಿ ಬೇಟೆಗೆ ಹೋಗುತ್ತಿದ್ದವು. ಅದು ಪಾಠ ಹೇಳುವ ಕೆಲಸ ಅಲ್ಲ, ನಿಜವಾದ ಬಾಂಬ್ ಹಾಕುವ ಕೆಲಸ.

ಲೇತ್ ಮಾವ
ಸರಿ. ಆದರೆ ಅವರಿಗೆ ಇನ್ನಷ್ಟು ಎಸ್‌ಬಿ, ಡಿಬಿ-3 ಎಲ್ಲಿಂದ ಬಂತು ನೋಡಿ. 1941ರಲ್ಲಿ ಜರ್ಮನರು ಸೋವಿಯತ್ ವಿಮಾನಗಳನ್ನು ರಾಶಿರಾಶಿ ಹಿಡಿದರು. ಫಿನ್‌ಲ್ಯಾಂಡಿನವರು ಅವರಿಂದ ಕೊಂಡುಕೊಂಡರು. ಅಂದರೆ ಬಿಡಿಭಾಗದ ಅಂಗಡಿ ತೆರೆದಿತ್ತು. ನನ್ನ ಮಾತನ್ನೇ ನೀವು ಗಟ್ಟಿ ಮಾಡಿದಿರಿ, ಕಾಫಿ ನನ್ನ ಲೆಕ್ಕಕ್ಕೆ.

ಸುಮ್ನೆ ಓದುಗ
ಜಪಾನಿನವರೂ ಹಿಡಿದಿದ್ದರು ಅಲ್ವಾ?

ರಾತ್ರಿಪಾಳಿ
ಹೌದು. 1942ರಲ್ಲಿ ಫಿಲಿಪ್ಪೀನ್ಸ್ ಮತ್ತು ಜಾವಾ ಕೈಗೆ ಬಂದಾಗ ಅಲ್ಲಿ ಮುರಿದುಬಿದ್ದ ಬಿ-17ಗಳಿಂದ ಭಾಗ ಕಿತ್ತು ಮೂರು ವಿಮಾನ ಜೋಡಿಸಿದರು. ಜಪಾನಿಗೆ ಒಯ್ದು ಪರೀಕ್ಷೆ ಮಾಡಿದರು. ಅಲ್ಲೂ ಅದೇ ಕಥೆ, ಫೈಟರ್ ಪೈಲಟ್‌ಗಳಿಗೆ ಪಾಠ.

ಬ್ರಿಟಿಷರದು ಇನ್ನೂ ಮಜಾ. 1426ನೇ ಫ್ಲೈಟ್ ಅಂತ ಒಂದು ಘಟಕ, 1941ರ ನವೆಂಬರಿನಲ್ಲಿ ಶುರು. ಪೂರ್ತಿ ಜರ್ಮನ್ ವಿಮಾನಗಳೇ. ರಾಫ್ (ಬ್ರಿಟಿಷ್ ವಾಯುಪಡೆ) ಮತ್ತು ಲುಫ್ಟ್‌ವಾಫೆ (ಜರ್ಮನ್ ವಾಯುಪಡೆ) ಎರಡನ್ನೂ ಸೇರಿಸಿ 'ರಾಫ್‌ವಾಫೆ' ಅಂತ ಅಡ್ಡಹೆಸರು. ಅವರ ಹೈಂಕೆಲ್ 111 ಬಾಂಬರ್ 1940ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ಹತ್ತಿರ ಇಳಿದು ಸಿಕ್ಕಿದ್ದು. ಅಮೆರಿಕನ್ ನೆಲೆಗಳಿಗೆ ಅದನ್ನು ತೋರಿಸಿಕೊಂಡು ಬರುತ್ತಿದ್ದರು. 1943ರ ನವೆಂಬರ್ 10ರಂದು ಪೋಲ್‌ಬ್ರೂಕ್‌ನಲ್ಲಿ ಇಳಿಯುವಾಗ ತಮ್ಮದೇ ಘಟಕದ ಯುಂಕರ್ಸ್ 88 ಅದೇ ರನ್‌ವೇಗೆ ಎದುರು ದಿಕ್ಕಿನಿಂದ ಬಂತು. ಡಿಕ್ಕಿ ತಪ್ಪಿಸಲು ಹೋಗಿ ಹೈಂಕೆಲ್ ನೆಲಕ್ಕೆ ಬಿತ್ತು. ಏಳು ಜನ ಸತ್ತರು.

ಇನ್ನೊಂದು, ಇದು ನನಗೆ ತುಂಬಾ ಇಷ್ಟ. 1944ರ ಜುಲೈ 13ರ ಬೆಳಗಿನ ಜಾವ ಒಂದು ಯುಂಕರ್ಸ್ 88 ಇಂಗ್ಲೆಂಡಿನ ವುಡ್‌ಬ್ರಿಜ್‌ನಲ್ಲಿ ಬಂದು ತಾನಾಗೇ ಇಳಿಯಿತು. ಬಾಂಬರಾಗಿ ಹುಟ್ಟಿ ರಾತ್ರಿ ಫೈಟರ್ ಆದ ವಿಮಾನ. ಪೈಲಟ್ ದಿಕ್ಸೂಚಿಯನ್ನು ಉಲ್ಟಾ ಓದಿಕೊಂಡು ಮನೆ ಕಡೆಗೆ ಅಂತ ಶತ್ರು ಮನೆಗೇ ಬಂದಿದ್ದ. ಒಳಗೆ 'ಫ್ಲೆನ್ಸ್‌ಬುರ್ಗ್' ಅನ್ನುವ ಯಂತ್ರ ಇತ್ತು. ಬ್ರಿಟಿಷ್ ಬಾಂಬರ್‌ಗಳ ಬಾಲದಲ್ಲಿ 'ಮೋನಿಕಾ' ಅಂತ ಒಂದು ರೇಡಾರ್ ಇರುತ್ತಿತ್ತು, ಹಿಂದಿನಿಂದ ಫೈಟರ್ ಬಂದರೆ ಎಚ್ಚರಿಸಲಿಕ್ಕೆ. ಈ ಫ್ಲೆನ್ಸ್‌ಬುರ್ಗ್ ಆ ಮೋನಿಕಾದ ಅಲೆಯನ್ನೇ ಹಿಡಿದು ಹಿಂಬಾಲಿಸುತ್ತಿತ್ತು! ಕಳ್ಳ ಬಂದರೆ ಕೂಗಲಿ ಅಂತ ಕಟ್ಟಿದ ನಾಯಿ, ಕಳ್ಳನಿಗೇ ಮನೆ ದಾರಿ ತೋರಿಸಿದ ಹಾಗೆ. ಬ್ರಿಟಿಷರು ಹಾರಿಸಿ ಪರೀಕ್ಷೆ ಮಾಡಿ, ಮೋನಿಕಾವನ್ನು ತೆಗೆಸಿಹಾಕಿದರು. ಆ ಒಂದು ತಪ್ಪು ಲ್ಯಾಂಡಿಂಗ್ ಎಷ್ಟು ಜನರ ಜೀವ ಉಳಿಸಿತೋ.

ಖರಗ್‌ಪುರದ ಹಳಬ
ಇಷ್ಟು ಹೊತ್ತು ಓದುತ್ತಾ ಕಾಯುತ್ತಿದ್ದೆ, ಯಾರಾದರೂ ಬಿ-29 (ಬಿ-17ಕ್ಕಿಂತ ದೊಡ್ಡ ಅಮೆರಿಕನ್ ಬಾಂಬರ್) ಅಂತಾರೇನೋ ಅಂತ. ಎಲ್ಲರೂ ಬಿಟ್ಟರು. ನಾನೇ ಹೇಳುತ್ತೇನೆ.

ನಾನು ಖರಗ್‌ಪುರ ಐಐಟಿಯಲ್ಲಿ ಓದಿದವನು. ಆ ಕಾಲೇಜು 1951ರಲ್ಲಿ ಶುರುವಾಗಿದ್ದು ಹಿಜ್ಲಿ ಅನ್ನುವ ಹಳೇ ಜೈಲಿನಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಕಟ್ಟಡ. ನಡುವೆ ಯುದ್ಧಕಾಲದಲ್ಲಿ ಅಲ್ಲಿ ಅಮೆರಿಕದ 20ನೇ ಬಾಂಬರ್ ಕಮಾಂಡ್ ಕೂತಿತ್ತು. ಖರಗ್‌ಪುರ, ಚಾಕುಲಿಯಾ, ಪಿಯಾರ್ಡೋಬಾ, ದೂಧ್‌ಕುಂಡಿ ಈ ನಾಲ್ಕು ಕಡೆ ಬಿ-29 ನೆಲೆ. ಅಲ್ಲಿಂದ ಹಿಮಾಲಯ ದಾಟಿ ಚೀನಾದ ಚೆಂಗ್ಡುಗೆ, ಅಲ್ಲಿಂದ ಜಪಾನಿನ ಕಡೆಗೆ.

1944ರ ಜುಲೈ 29ರಂದು ಮಂಚೂರಿಯಾದ ಆನ್‌ಶಾನ್ ಮೇಲೆ ದಾಳಿಗೆ ಹೋದ 'ರ‍್ಯಾಂಪ್ ಟ್ರ್ಯಾಂಪ್' ಅನ್ನುವ ಬಿ-29 ಎಂಜಿನ್ ಕೆಟ್ಟು ವ್ಲಾಡಿವೊಸ್ಟಾಕ್‌ನಲ್ಲಿ ಇಳಿಯಿತು. ನವೆಂಬರಿನಲ್ಲಿ ಇನ್ನೆರಡು ಅದೇ ದಾರಿ ಹಿಡಿದವು: 'ಜನರಲ್ ಎಚ್.ಎಚ್. ಆರ್ನಲ್ಡ್ ಸ್ಪೆಷಲ್' ಮತ್ತು 'ಡಿಂಗ್ ಹಾವ್'. ನಡುವೆ ಆಗಸ್ಟಿನಲ್ಲಿ ನಾಲ್ಕನೆಯದೊಂದು ಬಿದ್ದು ಚೂರಾಯಿತು. ಪೈಲಟ್‌ಗಳು ಮಿತ್ರರ ಮನೆಗೆ ಬಂದೆವು ಅಂದುಕೊಂಡಿದ್ದರು. ಆದರೆ 1941ರ ಏಪ್ರಿಲಿನಲ್ಲೇ ಸೋವಿಯತ್ ಒಕ್ಕೂಟ ಜಪಾನಿನ ಜೊತೆ ತಟಸ್ಥ ಒಪ್ಪಂದ ಮಾಡಿಕೊಂಡಿತ್ತು. ಜನರನ್ನು ತಾಷ್ಕೆಂಟಿನ ಹತ್ತಿರ ಇಟ್ಟು, ಆಮೇಲೆ 'ತಪ್ಪಿಸಿಕೊಂಡರು' ಅನ್ನುವ ನೆಪದಲ್ಲಿ ಇರಾನಿಗೆ ದಾಟಿಸಿದರು. ವಿಮಾನ ಮಾತ್ರ ವಾಪಸ್ ಕೊಡಲಿಲ್ಲ. ಸ್ಟಾಲಿನ್ ಮೊದಲೇ ಬಿ-29 ಕೇಳಿದ್ದ, ಅಮೆರಿಕ ಇಲ್ಲ ಅಂದಿತ್ತು. ಈಗ ಮೂರು ತಾವಾಗೇ ಅಂಗಳಕ್ಕೆ ಬಂದು ಕೂತಿದ್ದವು.

ಸುಮ್ನೆ ಓದುಗ
ಆದರೆ ವಿಷಯ 'ಶತ್ರು ಹಿಡಿದ ಬಾಂಬರ್' ಅಲ್ವಾ? ರಷ್ಯಾ ಆಗ ಅಮೆರಿಕದ ಮಿತ್ರ. ಇದು ಹಿಡಿದದ್ದು ಹೇಗಾಗುತ್ತದೆ?

ಖರಗ್‌ಪುರದ ಹಳಬ
1944ರಲ್ಲಿ ಮಿತ್ರ. ಶೀತಲ ಸಮರ ಶುರುವಾದ 1947ರಲ್ಲಿ? ನೆಂಟ ಸೈಕಲ್ ತಗೊಂಡು ಹೋಗಿ ಕೊಡದೇ ಇದ್ದು, ಆಮೇಲೆ ಆಸ್ತಿ ಜಗಳದಲ್ಲಿ ಅದೇ ಸೈಕಲ್ ಏರಿ ಕೋರ್ಟಿಗೆ ಬಂದರೆ ಏನಂತೀರಿ?

ಅನುಮಾನದ ಹಕ್ಕಿ
ಕಾನೂನಿನ ಪ್ರಕಾರ ತಟಸ್ಥ ದೇಶ ಯುದ್ಧ ವಿಮಾನವನ್ನು ಇಟ್ಟುಕೊಳ್ಳಬಹುದಿತ್ತು, ಅದನ್ನೂ ಹೇಳಿ. ಬಿಚ್ಚಿ ನಕಲು ಮಾಡುವುದು ಆ ಕಾನೂನಿನಲ್ಲಿ ಇರಲಿಲ್ಲ, ಅದೂ ಸರಿ.

ಲೇತ್ ಮಾವ
ನಕಲಿನ ವಿಷಯಕ್ಕೆ ನಾನು ಬರಲೇಬೇಕು. ಜಗತ್ತಿನ ಕಷ್ಟದ ರಿವರ್ಸ್ ಎಂಜಿನಿಯರಿಂಗ್ ಕೆಲಸಗಳಲ್ಲಿ ಇದೊಂದು.

ಕೆಲಸ ಬಿದ್ದದ್ದು ಆಂದ್ರೇ ತುಪೊಲೆವ್ ಮೇಲೆ. 1937ರಲ್ಲಿ ಇದೇ ಸ್ಟಾಲಿನ್ ಸರ್ಕಾರ ಬಂಧಿಸಿ, ಜೈಲಿನಲ್ಲೇ ವಿಮಾನ ವಿನ್ಯಾಸ ಮಾಡಿಸಿದ್ದ ಮನುಷ್ಯ. ಅವರ ಹತ್ತಿರ ಸ್ವಂತ ಬಾಂಬರಿನ ಯೋಜನೆ ಇತ್ತು. ಅದು ಬೇಡ, ಇದನ್ನೇ ಮಾಡು, ಎರಡು ವರ್ಷ ಟೈಮು ಅಂತ ಅಪ್ಪಣೆ. ಒಂದು ವಿಮಾನವನ್ನು ಕೊನೇ ತುಂಡಿನವರೆಗೆ ಬಿಚ್ಚಿದರು. ಒಂದನ್ನು ಪೈಲಟ್ ತರಬೇತಿಗೆ ಇಟ್ಟರು. ಇನ್ನೊಂದನ್ನು ಮುಟ್ಟದೆ ಮಾದರಿಗೆ ಇಟ್ಟುಕೊಂಡರು.

ಮೊದಲ ತಲೆನೋವು ತಗಡು. ಅಮೆರಿಕನ್ ತಗಡು 1/16 ಇಂಚು, ಅಂದರೆ 1.5875 ಮಿಲಿಮೀಟರ್. ಸೋವಿಯತ್ ಗಿರಣಿಗಳಲ್ಲಿ ಆ ದಪ್ಪದ ತಗಡೇ ಬರುವುದಿಲ್ಲ. ಸ್ವಲ್ಪ ದಪ್ಪ ಹಾಕಿದರೆ ತೂಕ ಜಾಸ್ತಿ, ದೂರ ಕಡಿಮೆ. ತೆಳು ಹಾಕಿದರೆ ಗಟ್ಟಿ ಸಾಲದು. ತಂತಿಗೂ ಇದೇ ಗೋಳು. ಕೊನೆಗೆ ಒಂದೊಂದು ಭಾಗಕ್ಕೂ ಬೇರೆ ಬೇರೆ ಲೆಕ್ಕ ಹಾಕಿ, 0.8ರಿಂದ 1.8 ಮಿಲಿಮೀಟರ್‌ವರೆಗಿನ ತಗಡು ಬಳಸಿದರು. ಇಷ್ಟೆಲ್ಲ ಆಗಿಯೂ ತೂಕ ಮೂಲಕ್ಕಿಂತ ಸುಮಾರು ಒಂದು ಪರ್ಸೆಂಟ್ ಮಾತ್ರ ಜಾಸ್ತಿ ಬಂತು. ಒಂದು ಪರ್ಸೆಂಟ್! ನಮ್ಮ ಶಾಪಿನಲ್ಲಿ ಒಂದು ಗೇಟಿನ ನಕಲು ಮಾಡಿದರೂ ಅದಕ್ಕಿಂತ ಜಾಸ್ತಿ ತಪ್ಪುತ್ತಿತ್ತು.

ಪೂರ್ತಿ ನಕಲು ಅಂತಾರೆ, ಅದು ಸರಿಯಲ್ಲ. ಎಂಜಿನ್ ಅವರದೇ, ಶ್ವೆತ್ಸೋವ್ ಅವರ ಎಎಸ್‌ಎಚ್-73. ಬಂದೂಕೂ ಅವರದೇ ದೊಡ್ಡವು.

ಪ್ಲಾಸ್ಟಿಕ್ ರೆಕ್ಕೆ
ರೆಕ್ಕೆಯಲ್ಲಿದ್ದ ಒಂದು ಬೇಡದ ತೂತನ್ನೂ, ಪೆಡಲ್ ಮೇಲಿನ ಬೋಯಿಂಗ್ ಹೆಸರನ್ನೂ ಹಾಗೇ ನಕಲು ಮಾಡಿದರು ಅಂತ ಓದಿದ್ದೆ. ನಿಜವಾ?

ಲೇತ್ ಮಾವ
ಮೆಷಿನ್ ಶಾಪಿನ ಚಹಾ ಕಥೆ ಅದು. ನಾನೂ ನೂರು ಸಲ ಹೇಳಿದ್ದೇನೆ. ಸಾಕ್ಷಿ ಕೇಳಬೇಡಿ.

ಖರಗ್‌ಪುರದ ಹಳಬ
ಮುಂದಿನ ಭಾಗ ನನಗೆ ಬಿಡಿ. ಆ ನಕಲಿಗೆ ಟಿಯು-4 ಅಂತ ಹೆಸರಿಟ್ಟರು. ಮೊದಲನೆಯದು ಹಾರಿದ್ದು 1947ರ ಮೇ 19ರಂದು. ಆಗಸ್ಟ್ 3ರಂದು ಮಾಸ್ಕೋದ ತುಶಿನೊದಲ್ಲಿ ವಿಮಾನ ಪ್ರದರ್ಶನ. ವಿದೇಶಿ ಅಧಿಕಾರಿಗಳು ತಲೆ ಎತ್ತಿ ನೋಡುತ್ತಿದ್ದಾರೆ. ಒಂದು ಬಂತು, ಎರಡು, ಮೂರು. ಓ, ನಮ್ಮ ಮೂರು ಬಿ-29 ಹಾರಿಸುತ್ತಿದ್ದಾರೆ ಅಂತ ಅಮೆರಿಕನ್ನರು ಅಂದುಕೊಂಡರು. ಆಮೇಲೆ ಅದೇ ರೆಕ್ಕೆ, ಅದೇ ಬಾಲದ ನಾಲ್ಕನೆಯದೊಂದು ಬಂತು! ಟಿಯು-70, ಅದೇ ವಿನ್ಯಾಸದ ಪ್ರಯಾಣಿಕರ ವಿಮಾನ. ಇಳಿದದ್ದು ಮೂರೇ, ಹಾಗಾದರೆ ನಾಲ್ಕನೆಯದು ಎಲ್ಲಿಂದ ಬಂತು? ಮುಖ ಬಾಡಿತು.

1952ರ ಹೊತ್ತಿಗೆ 847 ಟಿಯು-4 ತಯಾರಾಗಿದ್ದವು. 1951ರ ಅಕ್ಟೋಬರ್ 18ರಂದು ಸೋವಿಯತ್ತರು ಮೊದಲ ಸಲ ವಿಮಾನದಿಂದ ಅಣುಬಾಂಬ್ ಹಾಕಿ ಪರೀಕ್ಷೆ ಮಾಡಿದ್ದೂ ಇದರಿಂದಲೇ. ಚೀನಾಕ್ಕೂ ಕೆಲವು ಕೊಟ್ಟರು. ಬೀಜಿಂಗ್ ಹತ್ತಿರದ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಎರಡು ನಿಂತಿವೆ. ಮಾವ ಬಿಡಿಭಾಗ ಅಂದರಲ್ಲ, ಸ್ಟಾಲಿನ್ ಬಿಡಿಭಾಗ ಹುಡುಕಲಿಲ್ಲ. ಕಾರ್ಖಾನೆಯನ್ನೇ ಹುಟ್ಟಿಸಿದ.

ಕಾರವಾರದವ
ಇದಕ್ಕೆ ನಮ್ಮ ಕಡೆಯ ಬಾಲ ಒಂದಿದೆ. ಭಾರತೀಯ ನೌಕಾಪಡೆ 1988ರಲ್ಲಿ ಟಿಯು-142 ಅನ್ನುವ ಸಮುದ್ರ ಕಾವಲಿನ ಸೋವಿಯತ್ ವಿಮಾನಗಳನ್ನು ತಂದು ಗೋವಾದ ಐಎನ್‌ಎಸ್ ಹನ್ಸಾದಲ್ಲಿ ಇಟ್ಟಿತು. ಆಮೇಲೆ ಅರಕ್ಕೋಣಂಗೆ ಹೋದವು. ಆ ಸದ್ದು ಕೇಳಿದವರಿಗೆ ಮರೆಯುವುದಿಲ್ಲ, ಒಂದೊಂದು ಎಂಜಿನ್ನಿಗೆ ಎರಡೆರಡು ಪ್ರೊಪೆಲ್ಲರ್, ಎದುರುಬದುರು ತಿರುಗುತ್ತವೆ. ಟಿಯು-142 ಬಂದದ್ದು ಟಿಯು-95 ಅನ್ನುವ ಬಾಂಬರಿನಿಂದ. ಟಿಯು-95 ಟಿಯು-4ರ ವಂಶ. ಮೈಯ ಅಳತೆ ನೋಡಿ, ಅಡ್ಡಗಲ 2.9 ಮೀಟರ್, ಬಿ-29ರದೇ ಅಳತೆ. 2017ರ ಮಾರ್ಚ್‌ನಲ್ಲಿ ನಿವೃತ್ತಿ ಆಯಿತು. ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಒಂದನ್ನು ಮ್ಯೂಸಿಯಂ ಮಾಡಿದ್ದಾರೆ, ಒಳಗೆ ಹತ್ತಿ ನೋಡಬಹುದು.

ಖರಗ್‌ಪುರದ ಹಳಬ
ಅಂದರೆ ಖರಗ್‌ಪುರದ ಕಡೆಯಿಂದ ಹೋದದ್ದು ವ್ಲಾಡಿವೊಸ್ಟಾಕ್ ಸುತ್ತಿಕೊಂಡು ಗೋವಾಕ್ಕೆ ಬಂತು! ಇದು ನನಗೆ ಹೊಳೆದಿರಲಿಲ್ಲ ಮಾರಾಯರೇ.

ಹಳೇ ಏರ್‌ಪೋರ್ಟ್ ರಸ್ತೆ
ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಬೈಯಬೇಡಿ. ನಮ್ಮ ಬೆಂಗಳೂರಿನಲ್ಲೂ ಬೇರೆಯವರ ಬಾಂಬರ್ ಮತ್ತೆ ಹಾರಿದೆ. ಶತ್ರುವಿನಿಂದ ಹಿಡಿದದ್ದಲ್ಲ, ಬಿಸಾಡಿದ್ದನ್ನು ಎತ್ತಿಕೊಂಡದ್ದು.

ಯುದ್ಧ ಮುಗಿದಾಗ ಬ್ರಿಟಿಷರ ಬಿ-24 ಲಿಬರೇಟರ್‌ಗಳು ಕಾನ್ಪುರದ ಚಕೇರಿಯಲ್ಲಿ ಸಾಲಾಗಿ ನಿಂತಿದ್ದವು. ಅಮೆರಿಕ ಸಾಲಕ್ಕೆ ಕೊಟ್ಟ ವಿಮಾನ, ಯಾರೂ ಮತ್ತೆ ಬಳಸಬಾರದು ಅಂತ ಷರತ್ತು. ಅದಕ್ಕೇ ಹಾಳುಮಾಡಿ ಹೋದರು. ಎಂಜಿನ್ನಿಗೆ ಮರಳು ಸುರಿದರು, ಒಳಗಿನ ಮೀಟರ್‌ಗಳನ್ನು ಕುಟ್ಟಿ ಒಡೆದರು. 1948ರಲ್ಲಿ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಾಯಿತು, ಕೊಳ್ಳಲು ದುಡ್ಡಿಲ್ಲ. ಎಚ್‌ಎಎಲ್‌ನವರು ಆ ಗುಜರಿಯೊಳಗೆ ಇಳಿದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ. ಹೀಗೆ ನಲವತ್ತರ ಆಸುಪಾಸು ವಿಮಾನ ಎದ್ದು ನಿಂತವು. ಅದೇ ವರ್ಷ ನವೆಂಬರಿನಲ್ಲಿ ಅವುಗಳಿಂದಲೇ 5ನೇ ಸ್ಕ್ವಾಡ್ರನ್ ಶುರುವಾಯಿತು. ಲಿಬರೇಟರ್‌ಗಳು 1968ರವರೆಗೆ ಸೇವೆಯಲ್ಲಿದ್ದವು. ಇವತ್ತು ವಿದೇಶದ ಮ್ಯೂಸಿಯಮ್ಮುಗಳಲ್ಲಿರುವ ಬಿ-24ಗಳಲ್ಲಿ ಹಲವು ಇಲ್ಲಿಂದಲೇ ಹೋದವು.

ಲೇತ್ ಮಾವ
ಮರಳು ಹಾಕಿದ ಎಂಜಿನ್ ಬಿಚ್ಚಿ ತೊಳೆದು ಮತ್ತೆ ಕಟ್ಟುವುದು ಅಂದರೆ ಏನು ಅಂತ ಗೊತ್ತಿದ್ದವರಿಗೇ ಗೊತ್ತು. ಆ ಕೆಲಸಗಾರರಿಗೆ ಒಂದು ನಮಸ್ಕಾರ. ವಿಷಯದಿಂದ ಆಚೆ ಏನಲ್ಲ ಇದು, ಬಿಡಿ.

ಹಳೇ ಏರ್‌ಪೋರ್ಟ್ ರಸ್ತೆ
ಅವರಿಗೆ ಅಭ್ಯಾಸ ಇತ್ತು ಮಾವ. ಯುದ್ಧದ ಕಾಲದಲ್ಲಿ ಎಚ್‌ಎಎಲ್ ಅಮೆರಿಕದ 84ನೇ ಏರ್ ಡಿಪೋ ಆಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಈಗ ಆ ಕೆರೆಯಲ್ಲಿ ಏನು ಇಳಿಯುತ್ತದೆ ಅಂತ ಮಾತ್ರ ಕೇಳಬೇಡಿ.

ಪ್ಲಾಸ್ಟಿಕ್ ರೆಕ್ಕೆ
ಸ್ಟಿಕರ್ ಬಗ್ಗೆ ಕೇಳಿದವನಿಗೆ ಇಷ್ಟೆಲ್ಲ! ಈ ವಾರಾಂತ್ಯ ಅಂಟಿಸಿ ಮುಗಿಸಿದೆ. ಹೊಟ್ಟೆಗೆ ಹಳದಿ, ರಾತ್ರಿಪಾಳಿಯವರು ಹೇಳಿದ ಹಾಗೆ. ಷೋಕೇಸಿನಲ್ಲಿ ಇಟ್ಟಿದ್ದೇನೆ. ಅಪ್ಪ ಬಂದು ಕನ್ನಡಕ ಏರಿಸಿ ನೋಡಿ, "ಪಾಪ, ತಪ್ಪು ಸ್ಟಿಕರ್ ಹಚ್ಚಿದೀಯಲ್ಲೋ" ಅಂದರು. ಕೂರಿಸಿಕೊಂಡು ಮೆಲಾನ್ ಹೊಲದಿಂದ ಶುರುಮಾಡಿದ್ದೇನೆ. ಇನ್ನೂ ವ್ಲಾಡಿವೊಸ್ಟಾಕ್‌ಗೆ ಬಂದಿಲ್ಲ.